ಈ ಮೂಲಕ ದೃಢೀಕರಿಸುವುದೇನೆಂದರೆ

ಕಳೆದ ಮೇ ತಿಂಗಳ ಒಂದು ಬೆಳಗ್ಗೆ ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದೆ. ನ್ಯೂಜೆರ್ಸಿಯಿಂದ ಅಕ್ಕನ ವಾಟ್ಸಾಪ್ ಕಾಲ್ ಬಂತು. ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ಅಲ್ಲಿ ಆಗ ನಡುರಾತ್ರಿ. ಆ ಹೊತ್ತಿಗೆ ಫೋನ್ ಬಂದರೆ ಯಾರಿಗೋ ಏನೋ ಆಗಿದೆ ಅಂತಲೇ ನಮ್ಮ ಮನೆಯಲ್ಲಿ ಲೆಕ್ಕ. ಉಪ್ಪಿಟ್ಟು ಪಕ್ಕಕ್ಕಿಟ್ಟು ಎತ್ತಿದೆ.

"ನಿಮ್ಮ ಡಾಕ್ಟ್ರು ನನ್ನ ಮಗಳ ಲೈಫ್ ಹಾಳು ಮಾಡ್ತಾರೆ ಕಣೋ" ಅಂದಳು.

ವಿಷಯ ಇಷ್ಟು. ಅಕ್ಕನ ಮಗಳು ಅಲ್ಲಿ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಳೆ. ಅಲ್ಲಿ ನಮ್ಮ ಹಾಗೆ ಪಿಯುಸಿ ಮುಗಿಸಿ ಸೀದಾ ಎಂಬಿಬಿಎಸ್‌ಗೆ ಹೋಗೋದಲ್ಲ. ನಾಲ್ಕು ವರ್ಷದ ಡಿಗ್ರಿ ಮಾಡಬೇಕು, ಎಂಕ್ಯಾಟ್ ಅನ್ನುವ ಪರೀಕ್ಷೆ ಬರೀಬೇಕು, ಆಮೇಲೆ ಆಮ್‌ಕಾಸ್ ಅನ್ನುವ ಒಂದೇ ಕಡೆಯಿಂದ ಬೇಕಾದ ಕಾಲೇಜುಗಳಿಗೆಲ್ಲ ಅರ್ಜಿ. ಮಾರ್ಕ್ಸ್ ಒಂದೇ ಸಾಲದು, ಶಿಫಾರಸು ಪತ್ರಗಳು ಬೇಕು. ಪಾಠ ಮಾಡಿದ ಪ್ರೊಫೆಸರ್‌ಗಳದ್ದು, ಜೊತೆಯಲ್ಲಿದ್ದು ಕೆಲಸ ನೋಡಿದ ಡಾಕ್ಟರದ್ದು, ಹೀಗೆ. ಹತ್ತು ಪತ್ರಗಳವರೆಗೆ ಸೇರಿಸಬಹುದಂತೆ. ಪತ್ರ ಬರೆದವರೇ ಅದನ್ನು ನೇರವಾಗಿ ಕಳಿಸಬೇಕು. ವಿದ್ಯಾರ್ಥಿಗೆ ಅದನ್ನು ಓದುವ ಹಕ್ಕನ್ನು 1974ರ ಒಂದು ಕಾನೂನು ಕೊಟ್ಟಿದೆ. ಆದರೆ "ನನಗೆ ಆ ಹಕ್ಕು ಬೇಡ" ಅಂತ ಹೆಚ್ಚಿನವರು ಮೊದಲೇ ಟಿಕ್ ಹಾಕುತ್ತಾರೆ. ಓದಿಸಿ ಬರೆಸಿದ ಪತ್ರಕ್ಕೆ ಬೆಲೆ ಕಡಿಮೆ ಅನ್ನುವುದು ಅಲ್ಲಿಯ ಲೆಕ್ಕ.

ನಮ್ಮ ಹುಡುಗಿ ಎರಡು ವರ್ಷದ ಹಿಂದೆ ರಜೆಗೆ ಊರಿಗೆ ಬಂದವಳು, ಕಳಸದ ಕಡೆ ನಮ್ಮ ಸಣ್ಣ ಪೇಟೆಯ ಡಾಕ್ಟ್ರ ಕ್ಲಿನಿಕ್ಕಿನಲ್ಲಿ ಆರು ವಾರ ಕೂತಿದ್ದಳು. ಎಪ್ಪತ್ತು ದಾಟಿದ ಡಾಕ್ಟ್ರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಅವರಿಂದ ಒಂದು ಪತ್ರ ಬಂದರೆ ಚೆನ್ನ ಅಂತ ಅವಳ ಆಸೆ. ಡಾಕ್ಟ್ರು ಮರುದಿನವೇ ಬರೆದು, ಕಳಿಸುವುದು ಹೇಗೆ ಅಂತ ಗೊತ್ತಾಗದೆ, ಕಾಂಪೌಂಡರ್ ಕೈಲಿ ಫೋಟೋ ಹೊಡೆಸಿ ಅಕ್ಕನ ವಾಟ್ಸಾಪ್ಪಿಗೆ ಹಾಕಿಸಿಬಿಟ್ಟಿದ್ದಾರೆ. ಲೆಟರ್‌ಹೆಡ್ಡಿನ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಈ ಮೂಲಕ ದೃಢೀಕರಿಸುವುದೇನೆಂದರೆ, ಕುಮಾರಿ ಇಂಥವರು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನನ್ನ ಚಿಕಿತ್ಸಾಲಯಕ್ಕೆ ಹಾಜರಾಗಿರುತ್ತಾರೆ. ಇವರ ನಡತೆ ಮತ್ತು ಗುಣ ಉತ್ತಮವಾಗಿರುತ್ತದೆ. ಕೆಳಗೆ ಸಹಿ, ಅದರ ಮೇಲೆ ದುಂಡನೆಯ ನೇರಳೆ ಸೀಲು.

ನನಗೆ ನಗು ಬಂತು. ಅಕ್ಕನಿಗೆ ಅಳು.

"ಅಲ್ಲಿ ಇಂಥ ಲೆಟರ್ ಬಂದ್ರೆ ಬರೆದವರಿಗೆ ಇವಳ ಬಗ್ಗೆ ಹೇಳೋಕೆ ಏನೂ ಇಲ್ಲ ಅಂತ ಅರ್ಥ ಕಣೋ. ನೀನೇ ಒಂದು ಡ್ರಾಫ್ಟ್ ಮಾಡು. ಊರಿಗೆ ಹೋಗಿ ಅವರ ಸೈನ್ ಹಾಕಿಸು. ಇಂಡಿಯಾದಲ್ಲಿ ಎಲ್ಲರೂ ಹಂಗೇ ಮಾಡೋದಂತೆ."

ಅದೂ ಸುಳ್ಳಲ್ಲ. ಎಂಎಸ್ ಮಾಡೋಕೆ ಹೊರಗೆ ಹೋದ ನನ್ನ ಅರ್ಧ ಬ್ಯಾಚು ತಮ್ಮ ಶಿಫಾರಸು ಪತ್ರವನ್ನು ತಾವೇ ಬರೆದುಕೊಂಡಿತ್ತು. "ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅನ್ನುವುದು ನಮ್ಮಲ್ಲಿ ಮೇಷ್ಟ್ರುಗಳ ಔದಾರ್ಯ. ನಾನೂ ಸರಿ ಅಂದುಬಿಟ್ಟೆ.

ಆದರೆ ಶಿಫಾರಸು ಅನ್ನುವ ಶಬ್ದ ನಮ್ಮ ಮನೆಯಲ್ಲಿ ಅಷ್ಟು ಹಗುರದ್ದಲ್ಲ. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ರೈಟರ್ ಅಂದರೆ ಬೆಂಗಳೂರಿನ ಗೆಳೆಯರು ಲೇಖಕರಾ ಅಂತ ಕೇಳುತ್ತಾರೆ. ಅಲ್ಲ. ಆಳುಗಳ ಹಾಜರಿ, ಬಟವಾಡೆ, ಯಾವ ತಾಕಿಗೆ ಎಷ್ಟು ಗೊಬ್ಬರ ಹೋಯ್ತು ಅನ್ನುವುದನ್ನು ಬರೆಯುವವರು. ಆ ಅಪ್ಪ 1983ರಲ್ಲಿ ಚಿಕ್ಕಮಗಳೂರಲ್ಲಿ ಪಿಯುಸಿ ಸೈನ್ಸ್ ಮುಗಿಸಿದಾಗ ಅವರಿಗೂ ಡಾಕ್ಟರ್ ಆಗುವ ಹುಚ್ಚಿತ್ತು. ಮಾರ್ಕ್ಸ್ ಸರ್ಕಾರಿ ಸೀಟಿಗೆ ಸಾಲಲಿಲ್ಲ. ತೋಟದ ಸಾಹುಕಾರ್ರು ಕನಿಕರದಿಂದ ಒಂದು ಕಾಗದ ಬರೆದು, ಕವರಿಗೆ ಗೋಂದು ಹಚ್ಚಿ, "ಅಲ್ಲಿ ನಮ್ಮವರೊಬ್ರು ಇದಾರೆ, ಕೊಡು" ಅಂತ ಒಂದು ಖಾಸಗಿ ಕಾಲೇಜಿಗೆ ಕಳಿಸಿದರು. ಯಾವ ಕಾಲೇಜು ಅಂತ ಅಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಎರಡು ದಿನ ವರಾಂಡದಲ್ಲಿ ಕಾದರಂತೆ. ಮೂರನೇ ದಿನ ಒಬ್ಬರು ಬಂದು, ಕವರು ಈಸಿಕೊಳ್ಳುವ ಮುಂಚೆಯೇ, "ಎಷ್ಟು ಕೊಡೋಕಾಗುತ್ತೆ?" ಅಂದರಂತೆ. ಅಪ್ಪ ಕವರನ್ನು ಜೇಬಿನಿಂದ ತೆಗೆಯಲೇ ಇಲ್ಲ. ವಾಪಸ್ಸು ಬಂದು ಅದೇ ತೋಟದಲ್ಲಿ ಕೆಲಸಕ್ಕೆ ಸೇರಿದರು.

ಆ ಕವರು ಇನ್ನೂ ಟ್ರಂಕಿನಲ್ಲಿದೆ. ಒಡೆದಿಲ್ಲ. ಚಿಕ್ಕವನಿದ್ದಾಗ ಕೇಳಿದ್ದೆ, "ಅದ್ರಲ್ಲಿ ಎಂತ ಬರ್ದಿದಾರೆ ಅಪ್ಪ?" ಅಂತ. "ನನ್ನ ಬಗ್ಗೆ ಅಲ್ಲ ಅದು. ಸಾಹುಕಾರ್ರು ಯಾರು ಅಂತ ಬರ್ದಿರ್ತಾರೆ" ಅಂದಿದ್ದರು.

ದೊಡ್ಡವನಾದ ಮೇಲೆ ನನಗೆ ಅರ್ಥವಾಗಿದ್ದು ಇದು: ನಮ್ಮ ರಾಜ್ಯದಲ್ಲಿ ಮೆಡಿಕಲ್ ಸೀಟಿನ ಕತೆಯೆಲ್ಲ ಒಂದು ರೀತಿಯಲ್ಲಿ ಆ ಕವರಿನಿಂದ ತಪ್ಪಿಸಿಕೊಳ್ಳುವ ಕತೆ. ಅಪ್ಪ ಹುಟ್ಟುವ ಮುಂಚೆ, ಹಳೇ ಮೈಸೂರು ರಾಜ್ಯದಲ್ಲಿ, ಮೆಡಿಕಲ್ ಮತ್ತು ಇಂಜಿನಿಯರಿಂಗ್ ಸೀಟಿಗೆ ಸಂದರ್ಶನವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅಂಕ ಸಂದರ್ಶನಕ್ಕೇ. ಇದನ್ನು ಪ್ರಶ್ನಿಸಿ ಚಿತ್ರಲೇಖಾ ಎನ್ನುವವರ ಹೆಸರಿನ ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. ಕೋರ್ಟು 1964ರಲ್ಲಿ ಸಂದರ್ಶನ ಸರಿ ಅಂತಲೇ ಹೇಳಿತು. ಆಮೇಲೆ ಬಂದದ್ದು ಕ್ಯಾಪಿಟೇಶನ್ ಕಾಲ. ಅಪ್ಪ ವರಾಂಡದಲ್ಲಿ ಕಾದ ಮರುವರ್ಷ, 1984ರಲ್ಲಿ, ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂತು. ಮೀರತ್ತಿನ ಮೋಹಿನಿ ಜೈನ್ ಅನ್ನುವ ವಿದ್ಯಾರ್ಥಿನಿ ನಮ್ಮ ರಾಜ್ಯದ ಒಂದು ಖಾಸಗಿ ಮೆಡಿಕಲ್ ಕಾಲೇಜಿಗೆ ಸೇರಲು ಬಂದಾಗ, ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ ಇದ್ದ ಫೀಸು, ಹೊರರಾಜ್ಯದವಳು ಅನ್ನುವ ಕಾರಣಕ್ಕೆ ಅವಳಿಗೆ 60,000 ಆಗಿತ್ತು. 1992ರಲ್ಲಿ ಆ ಕೇಸಿನ ತೀರ್ಪು, 1993ರಲ್ಲಿ ಉಣ್ಣಿಕೃಷ್ಣನ್ ತೀರ್ಪು, 1994ರಲ್ಲಿ ಸಿಇಟಿ. ಈಗ ನೀಟ್. ಒಂದು ರ‍್ಯಾಂಕ್ ನಂಬರು. ನೀನು ಯಾರು, ನಿನ್ನನ್ನು ಬಲ್ಲವರು ಯಾರು ಅಂತ ಯಾರೂ ಕೇಳುವುದಿಲ್ಲ. ಇದರಲ್ಲೂ ಕೋಚಿಂಗ್ ದುಡ್ಡಿನ ಆಟ ಇದೆ, ಇಲ್ಲ ಅನ್ನಲ್ಲ. ಆದರೆ ಸಾಹುಕಾರ್ರ ಕವರು ಬೇಕಿಲ್ಲ.

ನನ್ನ ತಂಗಿ ಡಾಕ್ಟರ್ ಆದದ್ದು ಹಾಗೆ.

2018. ಜೂನ್ 4ಕ್ಕೆ ನೀಟ್ ರಿಸಲ್ಟ್ ಬಂತು. ತಂಗಿಯ ರ‍್ಯಾಂಕ್ ಗಡಿಯಲ್ಲಿತ್ತು. ನೇರ ನೋಡಿದರೆ ಸರ್ಕಾರಿ ಸೀಟು ಕಷ್ಟ. ಆದರೆ ಅವಳು ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಅದು ದಕ್ಕಬೇಕಾದರೆ ಓದಿದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರು ಬರೆದು ಸಹಿ ಹಾಕಿದ, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅಂದರೆ ಬಿಇಒ, ಮೇಲು ಸಹಿ ಹಾಕಿದ ಪ್ರಮಾಣಪತ್ರ ಬೇಕು. ಜೊತೆಗೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ. ಇವನ್ನೆಲ್ಲ ಹಿಡಿದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮುಂದೆ ದಾಖಲೆ ಪರಿಶೀಲನೆಗೆ ನಿಲ್ಲಬೇಕು. ಒಂದು ಸೀಲು ಕಮ್ಮಿಯಾದರೂ ಆ ಮೀಸಲು ಇಲ್ಲ.

ನಾನು ಆಗ ಬೆಂಗಳೂರಿಗೆ ಬಂದು ನಾಲ್ಕು ವರ್ಷ. ಎಲ್ಲ ಗೊತ್ತು ಅನ್ನುವ ವಯಸ್ಸು. "ಫಾರ್ಮೆಲ್ಲ ನಾನು ತುಂಬ್ತೀನಿ" ಅಂತ ಲ್ಯಾಪ್‌ಟಾಪಿನಲ್ಲಿ ಚಂದಕ್ಕೆ ಟೈಪ್ ಮಾಡಿ, ಒಂದರಿಂದ ಹತ್ತರವರೆಗಿನ ವರ್ಷಗಳನ್ನೆಲ್ಲ ಒಂದೇ ಹಾಳೆಗೆ ಹಾಕಿ, ಪ್ರಾಥಮಿಕ ಶಾಲೆಯ ಹೆಡ್‌ಮೇಷ್ಟ್ರಿಂದ ಸಹಿ ತರಿಸಿದ್ದೆ. ಅವಳು ಏಳರವರೆಗೆ ಮಾತ್ರ ಅಲ್ಲಿ ಓದಿದ್ದು. ಎಂಟರಿಂದ ಹತ್ತು ಬೇರೆ ಹೈಸ್ಕೂಲು. ಅಷ್ಟೂ ತಲೆಗೆ ಹೋಗಲಿಲ್ಲ. ಮೇಷ್ಟ್ರು ಕನ್ನಡಕ ಇಲ್ಲದೆ, ನನ್ನ ಮೇಲಿನ ನಂಬಿಕೆಯಲ್ಲಿ, ಸಹಿ ಹಾಕಿದ್ದರು. ಪರಿಶೀಲನೆಗೆ ಇನ್ನು ಎರಡೇ ದಿನ ಅನ್ನುವಾಗ ಮೂಡಿಗೆರೆಯಲ್ಲಿ ಗುಮಾಸ್ತರು ಹಾಳೆ ವಾಪಸ್ ಕೊಟ್ಟರು. ಅವರದ್ದು ಸರಿಯಾಗಿತ್ತು. ತಪ್ಪು ನನ್ನದು.

ಈಗ ಕಳಸವೇ ಒಂದು ತಾಲ್ಲೂಕು. ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು. ಮೂಡಿಗೆರೆಯಿಂದ ಬಣಕಲ್, ಕೊಟ್ಟಿಗೆಹಾರ ದಾಟಿ ಕಳಸ ಸೇರುವಾಗ ಅರವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಹೊರನಾಡಿನ ದಾರಿಯಲ್ಲಿ ಭದ್ರಾ ಹೊಳೆಯ ಹೆಬ್ಬಾಳೆ ಸೇತುವೆ ದಾಟಿದರೆ ನಮ್ಮ ಶಾಲೆಯ ಕಡೆ. ಆ ಜೂನು ನೆನಪಿರುವವರಿಗೆ ನೆನಪಿರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನಗಳು ರಾತ್ರಿಯಿಡೀ ನಿಂತಿದ್ದ ವಾರ ಅದು. ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗುವುದಕ್ಕೇ ಹೆಸರುವಾಸಿ. ಅವತ್ತೂ ಮುಳುಗಿತ್ತು. ಕರೆಂಟಿಲ್ಲ, ಫೋನು ಒಮ್ಮೆ ಸಿಕ್ಕಿದರೆ ಹತ್ತು ಸಲ ಸಿಗಲ್ಲ. ಮೇಷ್ಟ್ರಿಗೆ ಹೇಗೋ ಒಂದು ಸಲ ಲೈನ್ ಸಿಕ್ಕಿತು. ವಿಷಯ ಹೇಳಿದೆ. ದನಿ ನಡುಗುತ್ತಿತ್ತು ಅನ್ಸುತ್ತೆ.

"ನೀನು ಅಲ್ಲೇ ಇರು ಮಾರಾಯ. ಇತ್ಲಾಗೆ ಬರ್ಬೇಡ" ಅಂದರು. ಕಟ್ಟಾಯಿತು.

ಮಾರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಇಳಿದರು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಪ್ಯಾಂಟು ಮಂಡಿವರೆಗೆ ಮಡಚಿದೆ, ಹಿಮ್ಮಡಿಯಲ್ಲಿ ಇಂಬಳ ಕಚ್ಚಿದ ಕಡೆ ರಕ್ತ ಇನ್ನೂ ಇಳಿಯುತ್ತಿದೆ. ಕಂಕುಳಲ್ಲಿ ಗೊಬ್ಬರದ ಚೀಲದಲ್ಲಿ ಸುತ್ತಿದ ದಾಖಲಾತಿ ರಿಜಿಸ್ಟರು. ಅಂಗಿ ಜೇಬಲ್ಲಿ ಶಾಲೆಯ ಸೀಲು ಮತ್ತು ಇಂಕ್ ಪ್ಯಾಡು. ಸುತ್ತುದಾರಿಯಲ್ಲಿ ಜೀಪು, ನಡಿಗೆ, ಬಸ್ಸು ಎಲ್ಲ ಹಿಡಿದು ಬಂದಿದ್ದರು.

"ಅವ್ರು ಎಂತ ಕೇಳಿದ್ರೂ ಇಲ್ಲೇ ತೋರ್ಸುವ, ಇಲ್ಲೇ ಬರ್ದು ಇಲ್ಲೇ ಸೀಲ್ ಹೊಡಿಯುವ. ಮತ್ತೆ ಹೋಗಿ ಬರೂದು ಸಾಧ್ಯ ಇಲ್ಲ. ಅದ್ಕೆ ಶಾಲೆನೇ ತಂದುಬಿಟ್ಟೆ" ಅಂದರು.

ಕಚೇರಿಯ ಬೆಂಚಿನ ಮೇಲೆ ಕೂತು ಹೊಸ ಹಾಳೆಯಲ್ಲಿ ತಮ್ಮ ಕೈಬರಹದಲ್ಲೇ ಬರೆದರು. ಹೈಸ್ಕೂಲಿನದ್ದು ನಾನು ಬೆಳಗ್ಗೆಯೇ ಬೇರೆ ದಾರಿಯಲ್ಲಿ ತರಿಸಿಕೊಂಡಿದ್ದೆ. ಸಂಜೆ ನಾಲ್ಕೂವರೆಗೆ ಮೇಲು ಸಹಿ ಆಯಿತು. ರಾತ್ರಿ ಬಸ್ಸಿಗೆ ಅಪ್ಪ, ತಂಗಿ ಬೆಂಗಳೂರಿಗೆ ಹೊರಟರು. ತಂಗಿಗೆ ಸೀಟು ಸಿಕ್ಕಿತು, ಊರಿಂದ ಬಲು ದೂರದ ಸರ್ಕಾರಿ ಕಾಲೇಜಿನಲ್ಲಿ. ಚಿಕ್ಕಮಗಳೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದದ್ದು 2022ರಲ್ಲಿ. ಅವಳ ಕಾಲಕ್ಕೆ ಜಿಲ್ಲೆಯಲ್ಲಿ ಎಂಬಿಬಿಎಸ್ ಕಾಲೇಜೇ ಇರಲಿಲ್ಲ.

ಆ ಹಾಳೆಯ ನೆರಳಚ್ಚು ನನ್ನ ಹತ್ತಿರ ಇನ್ನೂ ಇದೆ. ಈ ಮೂಲಕ ದೃಢೀಕರಿಸುವುದೇನೆಂದರೆ, ಅಂತ ಶುರು. ಹೆಸರು, ತಂದೆಯ ಹೆಸರು, ತರಗತಿ, ವರ್ಷ, ಗ್ರಾಮ, ಮಾಧ್ಯಮ. ಮುಗೀತು. ಏಳು ವರ್ಷ ಅವಳನ್ನು ನೋಡಿದ ಮನುಷ್ಯನಿಗೆ ಅವಳ ಬಗ್ಗೆ ಒಂದು ಮಾತು ಬರೆಯಲಿಕ್ಕೂ ಅದರಲ್ಲಿ ಜಾಗ ಇರಲಿಲ್ಲ. ನಾನು ಆಗ ಅದನ್ನು ಗಮನಿಸಿರಲೂ ಇಲ್ಲ.

ಇರಲಿ. ಈಗ ಅಕ್ಕನ ಮಗಳ ಪತ್ರಕ್ಕೆ ಬರುತ್ತೇನೆ.

ಶುಕ್ರವಾರ ರಾತ್ರಿ ಕಳಸದ ಬಸ್ಸು ಹತ್ತುವ ಮುಂಚೆ ನಾನು ಡ್ರಾಫ್ಟ್ ಮಾಡಿಕೊಂಡಿದ್ದೆ. ನಾನು ಅಂದ್ರೆ ಚಾಟ್‌ಜಿಪಿಟಿ. "ಗ್ರಾಮೀಣ ಭಾರತ, ಆರು ವಾರ, ಹಿರಿಯ ವೈದ್ಯರು, ಮೆಡಿಕಲ್ ಸ್ಕೂಲ್" ಅಂತ ಕೊಟ್ಟೆ. ಒಂದೂವರೆ ಪುಟ ಬಂತು. ಕರುಣೆ, ಸ್ಥೈರ್ಯ, ನಾಯಕತ್ವ, ಸಾಂಸ್ಕೃತಿಕ ಸಂವೇದನೆ, ಒಂದೂ ಬಾಕಿ ಇರಲಿಲ್ಲ. ಶನಿವಾರ ಮಧ್ಯಾಹ್ನ ಪೇಷಂಟುಗಳೆಲ್ಲ ಮುಗಿದ ಮೇಲೆ ಡಾಕ್ಟ್ರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಪೂರ್ತಿ ಓದಿದರು.

"ಚಂದ ಉಂಟು. ಇದು ಯಾರ ಬಗ್ಗೆ?" ಅಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಅಲ್ಲ ಡಾಕ್ಟ್ರೇ, ನೀವು ಬರೆದಿದ್ದು ಅಲ್ಲಿ ನಡಿಯಲ್ಲ. ಅಲ್ಲಿ ಹಾಜರಾತಿ ಬೇಡ. ಅವಳು ಎಂಥವಳು ಅಂತ ಬೇಕು."

"ನಾನು ಕಂಡದ್ದು ಬರ್ದೆ ಮಾರಾಯ. ಬಂದ್ಲು, ಕೂತ್ಲು, ನಡತೆ ಒಳ್ಳೇದಿತ್ತು. ಕಾಣದ್ದು ಬರೆಯೂದು ಹೇಗೆ? ನಂಗೆ ಸರ್ಟಿಫಿಕೇಟು ಬರ್ದು ಅಭ್ಯಾಸ. ಜ್ವರ ಇತ್ತು, ಮೂರು ದಿನ ರಜೆ ಬೇಕು. ಫಿಟ್ ಇದಾನೆ, ಡ್ಯೂಟಿಗೆ ಹೋಗಬಹುದು. ಇಷ್ಟೇ. ನಲವತ್ತೈದು ವರ್ಷದಲ್ಲಿ ಇವನು ಎಂಥ ಮನುಷ್ಯ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ."

"ಮತ್ತೆ ಬೇರೆ ಎಂತ ಕಂಡ್ರಿ ಅವಳಲ್ಲಿ?"

ಡಾಕ್ಟ್ರು ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. ಆಮೇಲೆ ಹೇಳಿದರು. ಅವಳು ಬಂದ ಮೂರನೆಯದೋ ನಾಲ್ಕನೆಯದೋ ದಿನ, ಮರಗಸಿಗೆ ಮರ ಹತ್ತಿದ್ದ ಒಬ್ಬ ಆಳಿನ ಕಾಲಿಗೆ ಕತ್ತಿ ತಾಗಿ ಕರೆತಂದಿದ್ದರು. ಅಸ್ಸಾಮಿನ ಕಡೆಯ ಹುಡುಗ. ಹೊಲಿಗೆ ಹಾಕಲು ಶುರು ಮಾಡಿದ್ದೇ ಹಿಂದೆ ಧಡ್ ಅಂತ ಸದ್ದು. ತಿರುಗಿ ನೋಡಿದರೆ ನಮ್ಮ ಹುಡುಗಿ ಮೂರ್ಛೆ ಹೋಗಿ ಬಿದ್ದಿದ್ದಾಳೆ. ಆಳನ್ನು ಬಿಟ್ಟು ಇವಳಿಗೆ ನೀರು ಹೊಡೆಯಬೇಕಾಯಿತು. "ಇನ್ನು ಬರೂದಿಲ್ಲ ಇದು ಅಂತ ನಾನು, ಕಾಂಪೌಂಡರು ಮಾತಾಡ್ಕೊಂಡ್ವಿ" ಅಂದರು. ಮಾರನೆ ದಿನ ಎಂಟು ಗಂಟೆಗೆ ಬಾಗಿಲು ತೆಗೆಯುವ ಮುಂಚೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳಂತೆ. ಆ ಹುಡುಗನ ಗಾಯಕ್ಕೆ ಡ್ರೆಸಿಂಗ್ ಮಾಡಲು ಕಾಂಪೌಂಡರು ಕೂಲಿಲೈನಿಗೆ ಹೋಗುವಾಗಲೆಲ್ಲ ಕೊಡೆ ಹಿಡಿದು ಜೊತೆಗೆ ಹೋದಳಂತೆ. ಗಾಯ ನೋಡಲು ಕಲಿಯಬೇಕು ಅಂತ. ಮೊದಲ ದಿನ ಬಾಗಿಲಲ್ಲೇ ನಿಂತಿದ್ದಳು. ಎರಡನೇ ದಿನ ಒಳಗೆ. ಐದನೇ ದಿನ ಹತ್ತಿರ ಕೂತು, ಯಾರಿಂದಲೋ ಕಲಿತ ಎರಡು ಶಬ್ದದಲ್ಲಿ ನೋವಿದೆಯಾ ಅಂತ ಅವನ ಭಾಷೆಯಲ್ಲೇ ಕೇಳಿದಳಂತೆ.

"ಡಾಕ್ಟ್ರೇ! ಅದನ್ನೇ ಬರೀರಿ!"

"ಬಿದ್ಲು ಅಂತ ಬರ್ದ್ರೆ ಡಾಕ್ಟ್ರ ಸೀಟು ಕೊಡ್ತಾರನಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿದ್ದದ್ದನ್ನು ಬಿಟ್ಟರೆ ಮೆಟ್ಟಿಲ ಮೇಲೆ ಕೂತದ್ದಕ್ಕೆ ಅರ್ಥ ಇಲ್ಲ. ಹಾಕಿದರೆ, ಸಾವಿರಾರು ಅರ್ಜಿ ನೋಡುವ ಯಾರೋ ಆ ಒಂದು ಸಾಲಿಗೇ ನಿಂತುಬಿಡಬಹುದು. ಅಕ್ಕನಿಗೆ ಫೋನ್ ಮಾಡಿ ಕೇಳೋಣ ಅಂದುಕೊಂಡೆ. ಏನು ಹೇಳುತ್ತಾಳೆ ಅಂತ ಗೊತ್ತಿತ್ತು. ಮಾಡಲಿಲ್ಲ.

"ಅವ್ರಿಗೆ ನನ್ನ ಗುರ್ತ ಇಲ್ಲ, ನಂಗೆ ಅವ್ರ ಗುರ್ತ ಇಲ್ಲ. ಮತ್ತೆ ನನ್ನ ಮಾತು ಯಾಕೆ ನಂಬ್ತಾರೆ?" ಅಂತ ಡಾಕ್ಟ್ರು ಮತ್ತೆ ಕೇಳಿದರು. ಸೀಲನ್ನು ನಂಬುವುದು ಅವರಿಗೆ ಗೊತ್ತು. ಗುರುತಿಲ್ಲದವನ ಮಾತನ್ನು ನಂಬುವ ವ್ಯವಸ್ಥೆ ಹೊಸದು. "ನಾಳೆ ಬಾ. ನಾನೇ ಬರಿತೇನೆ" ಅಂದು ನನ್ನ ಒಂದೂವರೆ ಪುಟವನ್ನು ಮಡಚಿ ವಾಪಸ್ ಕೊಟ್ಟರು.

ಸಂಜೆ ಹೊತ್ತು ಕಳೆಯಬೇಕಿತ್ತು. ಹೆಡ್‌ಮೇಷ್ಟ್ರ ಮನೆಗೆ ಹೋದೆ. ರಿಟೈರ್ ಆಗಿದ್ದಾರೆ. ಒಂದಿಷ್ಟು ಅಡಿಕೆ, ನಡುವೆ ಕಾಫಿ, ಬದುಕು ಸಾಗಿದೆ. ಅಂಗಳದಲ್ಲಿ ಕೂತು ಕಾಫಿ ಕುಡಿಯುತ್ತ ಅಮೆರಿಕದ ಪತ್ರದ ಕತೆ ಹೇಳಿದೆ. ಅವರಿಗೆ ಬಹಳ ಮಜಾ ಬಂತು. ಸುಮ್ಮನೆ ಕೇಳಿದೆ, "ಮೇಷ್ಟ್ರೇ, ನಮ್ಮ ತಂಗಿ ಬಗ್ಗೆ ಅವತ್ತು ನಿಮಗೆ ಹಾಗೆ ಬರೆಯೋಕೆ ಜಾಗ ಕೊಟ್ಟಿದ್ರೆ ಎಂತ ಬರೀತಿದ್ರಿ?"

ಯೋಚನೆ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲೇ ಇಲ್ಲ.

"ಸುಣ್ಣದ ಡಬ್ಬಿ" ಅಂದರು.

ನಮ್ಮ ಶಾಲೆಗೆ ಮಕ್ಕಳು ತೋಟದೊಳಗಿನ ಕಾಲುದಾರಿಯಲ್ಲಿ ಬರಬೇಕು. ಮಳೆಗಾಲದಲ್ಲಿ ಶಾಲೆ ಮುಟ್ಟುವಾಗ ಕಾಲ ತುಂಬ ಇಂಬಳ. ಒಂದನೇ ಕ್ಲಾಸಿನ ಚಿಳ್ಳೆಗಳು ನೋಡಿ ಕಿರುಚುತ್ತವೆ, ಕಿತ್ತುಕೊಂಡು ರಕ್ತ ಮಾಡಿಕೊಳ್ಳುತ್ತವೆ. ತಂಗಿ ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಎಲೆಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಕದ್ದು ತಂದು, ಬೆಲ್ ಹೊಡೆಯುವ ಮುಂಚೆ ಶಾಲೆಯ ಜಗುಲಿಯಲ್ಲಿ ಕೂರುತ್ತಿದ್ದಳಂತೆ. ಮಕ್ಕಳು ಸಾಲಾಗಿ ಬಂದು ಕಾಲು ಚಾಚುವುದು, ಇವಳು ಒಂದೊಂದಕ್ಕೂ ಸುಣ್ಣ ಮುಟ್ಟಿಸಿ ಉದುರಿಸುವುದು. ಲೈನಿನ ಮಕ್ಕಳು, ಗೌಡರ ಮಕ್ಕಳು, ಯಾರೆಂದಿಲ್ಲ. ಏಳನೇ ಕ್ಲಾಸು ಮುಗಿಯುವವರೆಗೂ ಪ್ರತಿ ಮಳೆಗಾಲ. "ಅವ್ಳು ಹೋದ ವರ್ಷ ಮಕ್ಕಳು ಬಂದು ಸುಮ್ನೆ ಜಗುಲಿ ಮೇಲೆ ಕಾಲು ಚಾಚಿ ಕೂತಿದ್ವು. ನಾನೇ ಸುಣ್ಣ ಹಚ್ಚಿದೆ" ಅಂದರು.

ಅಜ್ಜಿ ಸುಣ್ಣದ ಡಬ್ಬಿ ಕಾಣದಾಗಲೆಲ್ಲ ನನಗೆ ಬೈದದ್ದು ಮಾತ್ರ ನನಗೆ ಗೊತ್ತಿತ್ತು. ಒಂದೇ ಮನೆಯಲ್ಲಿ ಬೆಳೆದವನು ನಾನು.

ರಾತ್ರಿ ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಡ್ಯೂಟಿಯಲ್ಲಿದ್ದಳು. "ಮೇಷ್ಟ್ರಿಗೆ ಅದು ನೆನಪಿದ್ಯಾ?" ಅಂದು ಒಂದು ಕ್ಷಣ ಸುಮ್ಮನಾದಳು. ಆಮೇಲೆ ಅವಳೇ ಹೇಳಿದಳು: "ಅದನ್ನ ಬರೀಬೇಕು ಅಂತಿದ್ರೆ ನಂಗೆ ಸೀಟು ಸಿಗ್ತಿರ್ಲಿಲ್ಲ ಬಿಡೋ. ಆಗ ಎಲ್ರೂ ದೊಡ್ಡೋರ ಹತ್ರ ಬರೆಸ್ಕೊಂಡು ಬರ್ತಿದ್ರು. ನಮ್ಮ ಮೇಷ್ಟ್ರ ಸುಣ್ಣದ ಕತೆ ಯಾರು ಓದ್ತಿದ್ರು? ನಂಗೆ ಆ ಸೀಲೇ ಸಾಕಾಯ್ತು."

ಅವಳ ಮಾತು ಸರಿ. ಅಪ್ಪನ ಟ್ರಂಕಿನ ಕವರೇ ಅದಕ್ಕೆ ಸಾಕ್ಷಿ. ಪತ್ರ ಕೇಳುವ ಕಡೆ ಪತ್ರ ಬರೆಯುವವರ ಗುರುತು ಇರಬೇಕಾಗುತ್ತದೆ. ಅಕ್ಕನ ಮಗಳಿಗೆ ಕಳಸದ ಡಾಕ್ಟ್ರು ಸಿಕ್ಕಿದ್ದು ಅಜ್ಜನ ಮನೆ ಇಲ್ಲಿ ಇದ್ದದ್ದರಿಂದ, ವಿಮಾನದ ಟಿಕೆಟ್ಟಿಗೆ ದುಡ್ಡು ಇದ್ದದ್ದರಿಂದ. ಆ ಅಸ್ಸಾಮಿನ ಹುಡುಗನ ತಂಗಿಗೆ ಯಾರ ಪತ್ರ ಸಿಗುತ್ತದೆ? ಅವಳಿಗೆ ಬೇಕಾದದ್ದು ತಪ್ಪಿಲ್ಲದ ಒಂದು ವ್ಯಾಸಂಗ ಪ್ರಮಾಣಪತ್ರ, ಅದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ತರುವ ಒಬ್ಬ ಮೇಷ್ಟ್ರು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಸೀಟಿಗೆ ಬೇಡದಿದ್ದರೂ ಆ ಸುಣ್ಣದ ಡಬ್ಬಿಯ ಮಾತನ್ನು ಯಾರಾದರೂ ಅವಳಿಗೆ ಏಳು ವರ್ಷ ಮೊದಲೇ ಹೇಳಬಹುದಿತ್ತು. ಮೇಷ್ಟ್ರು ಹೇಳಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ನಾನೂ.

ಭಾನುವಾರ ಹತ್ತು ಗಂಟೆಗೆ ಕ್ಲಿನಿಕ್ಕಿಗೆ ಹೋದೆ. ಡಾಕ್ಟ್ರು ಲೆಟರ್‌ಹೆಡ್ಡಿನ ಎರಡು ಹಾಳೆ ತುಂಬ ಕೈಯಲ್ಲೇ ಬರೆದಿಟ್ಟಿದ್ದರು. ನನಗೆ ಕಾಣದ ಹಾಗೆ ಮಗುಚಿ ಇಟ್ಟುಕೊಂಡು, "ಕಳ್ಸೂದು ಹೇಗೆ ಹೇಳು" ಅಂದರು. ಹುಡುಗಿ ಕಳಿಸಿದ ಪತ್ರದ ನಂಬರನ್ನು ಎಲ್ಲಿ ಹಾಕಬೇಕು, ಸ್ಕ್ಯಾನ್ ಮಾಡಿದ್ದನ್ನು ಎಲ್ಲಿ ಸೇರಿಸಬೇಕು, ಎಲ್ಲಿ ಒತ್ತಬೇಕು ಅಂತ ಎರಡು ಸಲ ತೋರಿಸಿದೆ. ಕಾಂಪೌಂಡರು ಹಾಳೆಗಳನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿದರು.

"ಇನ್ನು ನೀನು ಹೊರಗೆ ಕೂತ್ಕೊ" ಅಂದರು ಡಾಕ್ಟ್ರು.

ಹೊರಗೆ ಬೆಂಚಿನ ಮೇಲೆ ಕೂತೆ. ಮಳೆ ಹನಿ ಶುರುವಾಗಿತ್ತು. ಒಳಗಿಂದ "ನೆಟ್‌ವರ್ಕ್ ಹೋಯ್ತು", "ಬಂತು", "ತಿರುಗ್ತಾ ಉಂಟು" ಅಂತ ಕೇಳುತ್ತಿತ್ತು. ಇಪ್ಪತ್ತು ನಿಮಿಷವಾದ ಮೇಲೆ ಡಾಕ್ಟ್ರು ಬಾಗಿಲಿಗೆ ಬಂದರು.

"ಹೋಯ್ತು" ಅಂದರು.

"ಎಂತ ಬರೆದ್ರಿ ಡಾಕ್ಟ್ರೇ? ಬಿದ್ದದ್ದೂ ಹಾಕಿದ್ರಾ?"

"ಓದೂದಿಲ್ಲ ಅಂತ ಅವಳೇ ಬರ್ದು ಕೊಟ್ಟಿದಾಳಂತಲ್ಲ. ನೀನು ಯಾರು ಮಾರಾಯ ಮಧ್ಯದಲ್ಲಿ?"

ಅಕ್ಕ ಅವತ್ತಿನಿಂದ ಇವತ್ತಿನವರೆಗೆ ಕನಿಷ್ಠ ಹತ್ತು ಸಲ ಕೇಳಿದ್ದಾಳೆ. ಗೊತ್ತಿಲ್ಲ ಅಂದಿದ್ದೇನೆ. ಅವಳು ನಂಬಿಲ್ಲ. ಹುಡುಗಿ ಒಂದು ಸಲವೂ ಕೇಳಿಲ್ಲ. "ಡಾಕ್ಟರ್ ಅಂಕಲ್‌ಗೆ ನನ್ನ ನೆನಪಿತ್ತಾ ಮಾಮ?" ಅಂತ ಮಾತ್ರ ಕೇಳಿದಳು. ಇತ್ತು ಅಂದೆ.